ಏಳು ವರ್ಷದಿಂದ ಸಹಾಯಕ ನಿರ್ದೇಶಕ; ಸಿನಿಮಾ ಬಿಟ್ಟು ಊರಿಗೆ ಹೋಗಲೇ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಚಳ್ಳಕೆರೆ ಕಡೆಯ ರೈತನ ಮಗ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದವನು ಏಳು ವರ್ಷದಿಂದ ಸಹಾಯಕ ನಿರ್ದೇಶಕನಾಗಿ ದುಡಿಯುತ್ತಿದ್ದೇನೆ. ನಾಲ್ಕು ಸಿನಿಮಾ ಮಾಡಿದ್ದೇನೆ. ಒಂದು ಬಿಡುಗಡೆಯೇ ಆಗಲಿಲ್ಲ, ಇನ್ನೊಂದರ ಸಂಬಳ ಅರ್ಧ ಬಾಕಿ ಇದೆ. ನನ್ನ ಕೈಕೆಳಗೆ ಕ್ಲಾಪ್ ಹೊಡೆಯುತ್ತಿದ್ದ ಹುಡುಗ ಈಗ ನಿರ್ದೇಶಕ. ನಮ್ಮೂರಿನ ಕಥೆಯೊಂದನ್ನು ಬರೆದಿಟ್ಟುಕೊಂಡಿದ್ದೇನೆ. ಮೂರು ಸಲ ಬೋರ್‌ವೆಲ್ ಕೊರೆಸಿ ಸೋತ ರೈತ, ನಾಲ್ಕನೇ ಸಲ ಹೆಂಡತಿಯ ಓಲೆ ಅಡವಿಟ್ಟು ಕೊರೆಸುತ್ತಾನೆ. ಕೇಳಿದ ನಿರ್ಮಾಪಕರೆಲ್ಲ ‘ಇದರಲ್ಲಿ ಹೀರೋ ಯಾರು?’ ಅನ್ನುತ್ತಾರೆ. ಹಿಂದೆ ಒಬ್ಬರಿಗೆ ಹೇಳಿದ್ದ ಬೇರೊಂದು ಕಥೆಯ ದೃಶ್ಯ ಇನ್ಯಾರದೋ ಸಿನಿಮಾದಲ್ಲಿ ಕಾಣಿಸಿತು. ಅಂದಿನಿಂದ ಕಥೆ ಹೇಳಲು ಬಾಯೇ ಬರುತ್ತಿಲ್ಲ. ಅಪ್ಪ ಫೋನ್ ಮಾಡಿದಾಗಲೆಲ್ಲ ‘ಇನ್ನೆಷ್ಟು ದಿನಾನಪ್ಪ?’ ಅಂತಾರೆ. ಗೆಳೆಯನೊಬ್ಬ ತನ್ನ ಮದುವೆ ವಿಡಿಯೊ ಸ್ಟುಡಿಯೊದಲ್ಲಿ ಎಡಿಟರ್ ಕೆಲಸ ಕೊಡುತ್ತೇನೆ ಅನ್ನುತ್ತಾನೆ. ಒಪ್ಪಿಕೊಂಡರೆ ಸೋತಂತೆ ಅನ್ನಿಸುತ್ತದೆ. ರಾತ್ರಿ ನಿದ್ದೆ ಇಲ್ಲ. ಏನು ಮಾಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಗೆಳೆಯನ ಕೆಲಸ ಒಪ್ಪಿಕೊಳ್ಳಿ. ಸಿನಿಮಾ ಬಿಡಬೇಡಿ. ಇವೆರಡೂ ಜೊತೆಯಲ್ಲಿ ನಡೆಯುವ ಸಂಗತಿಗಳು. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ ಎಂದುಕೊಂಡಿರುವುದರಿಂದಲೇ ನಿಮಗೆ ನಿದ್ದೆ ಬರುತ್ತಿಲ್ಲ.

ನಿಮ್ಮ ಪತ್ರದಲ್ಲಿ ಏಳು ವರ್ಷದ ಲೆಕ್ಕವಿದೆ. ಬೇರೆಯವರ ನಾಲ್ಕು ಸಿನಿಮಾಗಳಿವೆ, ಬಾಕಿ ಸಂಬಳವಿದೆ, ನಿರ್ಮಾಪಕರ ಮಾತುಗಳಿವೆ. ನೀವೇ ಶುರುಮಾಡಿ ನೀವೇ ಮುಗಿಸಿದ ಕೆಲಸವೊಂದು ಅದರಲ್ಲಿಲ್ಲ, ಐದು ನಿಮಿಷದ್ದೂ ಇಲ್ಲ. ಮನಸ್ಸಿಗೆ ನೋವಾಗಬಹುದು, ಆದರೆ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ: ನಿಮ್ಮನ್ನು ದಣಿಸಿರುವುದು ಸಿನಿಮಾ ಅಲ್ಲ, ಕಾಯುವುದು. ಒಬ್ಬರು ‘ಹೂಂ’ ಅನ್ನುವವರೆಗೆ ನಿಮ್ಮ ಕೆಲಸ ಶುರುವಾಗುವುದಿಲ್ಲ ಎಂದು ನೀವು ನಂಬಿಬಿಟ್ಟಿದ್ದೀರಿ.

ಮೈಸೂರಿನ ವಿ.ಕೆ. ಮೂರ್ತಿ ಅವರನ್ನು ನೆನೆಯಿರಿ. ಬೆಂಗಳೂರಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದ್ದು 1946ರಲ್ಲಿ. ಸ್ವತಂತ್ರ ಛಾಯಾಗ್ರಾಹಕರಾಗಿದ್ದು 1952ರ ‘ಜಾಲ್’ ಚಿತ್ರಕ್ಕೆ. ನಡುವೆ ಮುಂಬೈಯಲ್ಲಿ ಸಹಾಯಕನ ಬದುಕು. 1951ರ ‘ಬಾಜಿ’ ಚಿತ್ರೀಕರಣದಲ್ಲಿ ಅವರಿನ್ನೂ ಸಹಾಯಕರೇ. ಹಾಡೊಂದಕ್ಕೆ ಕನ್ನಡಿ ಬಳಸಿ ಕಷ್ಟದ ಶಾಟ್ ಒಂದನ್ನು ಅವರು ಸೂಚಿಸಿದರು, ಮಾಡಿಯೂ ತೋರಿಸಿದರು. ನಿರ್ದೇಶಕ ಗುರುದತ್ ತಮ್ಮ ಮುಂದಿನ ಚಿತ್ರದ ಕ್ಯಾಮೆರಾವನ್ನು ಅವರಿಗೇ ಒಪ್ಪಿಸಿದರು. ಆ ಜೋಡಿಯೇ 1959ರಲ್ಲಿ ‘ಕಾಗಜ್ ಕೆ ಫೂಲ್’ ಮಾಡಿತು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಆರು ವರ್ಷ ಕಾದರೆ ಫಲ ಸಿಗುತ್ತದೆ ಎಂದು ಹೇಳಲು ಈ ಕಥೆ ತೆಗೆದಿಲ್ಲ. ಆರಕ್ಕಿಂತ ಹೆಚ್ಚು ಕಾದು ಏನೂ ಸಿಗದವರೂ ಗಾಂಧಿನಗರದಲ್ಲಿ ಇದ್ದಾರೆ. ಅವಕಾಶ ಎದುರಿಗೆ ಬಂದ ಗಳಿಗೆಯಲ್ಲಿ ಮೂರ್ತಿಯವರ ಬಳಿ ತೋರಿಸಲು ಒಂದು ಶಾಟ್ ಇತ್ತು. ನಿಮ್ಮ ಬಳಿಯೂ ಅಂಥದ್ದೊಂದು ಇರಬೇಕು.

ಇನ್ನು ಮದುವೆ ವಿಡಿಯೊ. ಅದನ್ನು ಕೀಳೆಂದು ನೋಡಬೇಡಿ. ಧಾರೆ ಎರೆಯುವ ಹೊತ್ತಿನಲ್ಲಿ ಹುಡುಗಿಯ ಅಮ್ಮನ ಮುಖದಲ್ಲಿ ಆಗುವುದಕ್ಕೆ ರೀಟೇಕ್ ಇಲ್ಲ. ಎಂಟು ಗಂಟೆಯ ಚಿತ್ರೀಕರಣದಿಂದ ಆ ಮುಖವನ್ನು ಹುಡುಕಿ ತೆಗೆದು, ಎಷ್ಟು ಹೊತ್ತು ಇಡಬೇಕು, ಎಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸುವ ಕೈ ನಿಮ್ಮದಾಗುತ್ತದೆ. ಕಂಟಿನ್ಯುಟಿ ಬರೆಯುತ್ತ, ಕಲಾವಿದರನ್ನು ಕ್ಯಾರವಾನ್‌ನಿಂದ ಕರೆತರುತ್ತ ಕಳೆದ ಏಳು ವರ್ಷದಲ್ಲಿ ಈ ತೀರ್ಮಾನ ನಿಮ್ಮ ಪಾಲಿಗೆ ಎಷ್ಟು ಸಲ ಬಂದಿತ್ತು? ಮೇಲಾಗಿ ತಿಂಗಳಿಗೊಂದು ಸಂಬಳ ಬರುತ್ತದೆ. ಬಾಡಿಗೆ ಕಟ್ಟಿದ ಮನುಷ್ಯ ಬರೆಯುವ ಚಿತ್ರಕಥೆಯಲ್ಲಿ ಅವಸರ ಇರುವುದಿಲ್ಲ. ಪುಟ್ಟಣ್ಣ ಕಣಗಾಲ್ ಕೂಡ ಬಿ.ಆರ್. ಪಂತುಲು ಅವರಲ್ಲಿ ಸಹಾಯಕರಾಗಿ ದುಡಿದವರು. ಕನ್ನಡದಲ್ಲಿ ಅವರ ಮೊದಲ ಚಿತ್ರವಾದ 1967ರ ‘ಬೆಳ್ಳಿಮೋಡ’ಕ್ಕೂ ಮೊದಲೇ, 1964ರಲ್ಲಿ, ಮಲಯಾಳದ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದ್ದರು. ನೀವು ಕಾದು ನಿಂತ ಬಾಗಿಲೇ ಮೊದಲು ತೆರೆಯಬೇಕೆಂದಿಲ್ಲ.

ಗೆಳೆಯನಿಗೆ ಒಂದೇ ಷರತ್ತು ಹಾಕಿ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಧನುರ್ಮಾಸದಲ್ಲೂ ಇಲ್ಲ. ಆ ದಿನಗಳು ನಿಮ್ಮವು, ಸ್ಟುಡಿಯೊದ ಕ್ಯಾಮೆರಾವೂ ಆಗ ನಿಮ್ಮದು. ಬರುವ ಆಷಾಢಕ್ಕೆ ನಿಮ್ಮ ಬೋರ್‌ವೆಲ್ ಕಥೆಯಿಂದ ಹದಿನೈದು ನಿಮಿಷದ ಕಿರುಚಿತ್ರ ಮಾಡಿ. ಇಡೀ ಕಥೆ ಬೇಡ, ನಾಲ್ಕನೇ ಬೋರ್ ಕೊರೆಯುವ ಆ ಒಂದು ರಾತ್ರಿ ಸಾಕು. ಬೋರ್ ಲಾರಿ ಬಾಡಿಗೆಗೆ ತರಲು ದುಡ್ಡಿಲ್ಲ ಅನ್ನುತ್ತೀರಿ. ಲಾರಿ ತೋರಿಸಲೇಬೇಡಿ. ಕ್ಯಾಮೆರಾ ಮನೆಯೊಳಗಿರಲಿ, ಬರಿಗಿವಿಯ ಹೆಂಡತಿಯ ಬಳಿ. ಹೊರಗೆ ಹೊಲದಲ್ಲಿ ಯಂತ್ರದ ಸದ್ದು. ಬಂಡೆ ಸಿಕ್ಕಾಗ ಸದ್ದು ಬದಲಾಗುತ್ತದೆ, ರಾಡ್ ಸೇರಿಸುವಾಗ ನಿಲ್ಲುತ್ತದೆ. ಎಷ್ಟು ಅಡಿ ಹೋಯಿತು, ಎಷ್ಟು ದುಡ್ಡಾಯಿತು ಎಂದು ಆಕೆ ಸದ್ದಿನಿಂದಲೇ ಲೆಕ್ಕ ಹಾಕುತ್ತಾಳೆ. ಮೂರು ಬೋರ್ ಕಂಡ ಹೆಣ್ಣಿಗೆ ಆ ಲೆಕ್ಕ ಗೊತ್ತಿರುತ್ತದೆ. ‘ಹೀರೋ ಯಾರು?’ ಎಂದು ಕೇಳಿದವರಿಗೆ ಉತ್ತರವೂ ಆಕೆಯೇ. ಸದ್ದನ್ನು ಮಾತ್ರ ಅಸಡ್ಡೆ ಮಾಡಬೇಡಿ: ನಿಮ್ಮೂರ ಹತ್ತಿರ ನಿಜವಾಗಿ ಬೋರ್ ಕೊರೆಯುವ ದಿನ ಹೋಗಿ, ದೂರದಿಂದ, ಗೋಡೆಯ ಒಳಗಿನಿಂದ, ಬೇರೆಬೇರೆ ಕಡೆ ನಿಂತು ರೆಕಾರ್ಡ್ ಮಾಡಿಕೊಳ್ಳಿ.

ಇದು ಬಡವರ ಸಮಾಧಾನದ ಮಾತಲ್ಲ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಸ್ಟಾರ್ ಇರಲಿಲ್ಲ, ವೃತ್ತಿನಟರೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ ಪಾತ್ರ ಮಾಡಿದರು. ಆ ನೆಲವನ್ನು ಒಳಗಿನಿಂದ ಬಲ್ಲ ಈರೇಗೌಡರು ಅದರ ಬರವಣಿಗೆಯಲ್ಲಿದ್ದರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ಪ್ರಶಸ್ತಿ ಗೆದ್ದಿತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಚಳ್ಳಕೆರೆಯ ಶೇಂಗಾ ಹೊಲ, ಒಣ ಗಾಳಿ, ಅಲ್ಲಿನ ಮಾತಿನ ಧಾಟಿ ನಿಮಗೆ ಗೊತ್ತಿರುವಷ್ಟು ಬೆಂಗಳೂರಿನ ಯಾವ ನಿರ್ಮಾಪಕರಿಗೂ ಗೊತ್ತಿಲ್ಲ. ಬಾಯಲ್ಲಿ ಹೇಳಿದಾಗ ಅವರಿಗೆ ಕಾಣದ್ದನ್ನು ನೀವು ಪರದೆಯ ಮೇಲೆ ತೋರಿಸಬೇಕು.

ಕಥೆ ಕಳುವಾದ ಭಯಕ್ಕೆ ಬರೋಣ. ಅದು ಸುಳ್ಳು ಭಯ ಎನ್ನಲಾರೆ. ಆದರೆ ಕಾನೂನು ಎಲ್ಲಿ ನಿಮ್ಮ ಜೊತೆ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ತಿಳಿದಿರಿ. ತನ್ನ ನಾಟಕವನ್ನೇ ‘ನ್ಯೂ ಡೆಲ್ಲಿ’ ಎಂಬ ಸಿನಿಮಾ ಮಾಡಿದರು ಎಂದು ಆರ್.ಜಿ. ಆನಂದ್ ಎಂಬ ನಾಟಕಕಾರರು ಹೂಡಿದ ಮೊಕದ್ದಮೆಯಲ್ಲಿ, 1978ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಬರೀ ಕಲ್ಪನೆಗೆ, ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದ ರೂಪಕ್ಕೆ ಮಾತ್ರ ಇದೆ. ಆದ್ದರಿಂದ ಬಾಯಲ್ಲಿ ಹೇಳುವ ಕಥೆ ಗಾಳಿಗೆ ಬಿಟ್ಟ ಕಥೆ. ಚಿತ್ರಕಥೆಯನ್ನು ಸಂಭಾಷಣೆ ಸಮೇತ ಪೂರ್ತಿ ಬರೆಯಿರಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾಗಿ ಆನ್‌ಲೈನ್‌ನಲ್ಲೇ ನೋಂದಾಯಿಸಿ, ಇಲ್ಲವೇ ಕೇಂದ್ರದ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ. ಆಮೇಲೆ ಧೈರ್ಯವಾಗಿ ಹೇಳಿ. ಹೇಳಿದ ದಿನವೇ ‘ಇಂದು ತಮಗೆ ಈ ಕಥೆ ಹೇಳಿದೆ, ಕೇಳಿದ್ದಕ್ಕೆ ಧನ್ಯವಾದ’ ಎಂದು ಕಥಾಸಾರದ ಜೊತೆ ಒಂದು ಮೇಲ್ ಹಾಕಿ. ಕಥೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಕಳ್ಳರಿಂದ ಉಳಿಯುತ್ತದೆ ನಿಜ, ನೋಡುವವರಿಗೂ ಸಿಗದೆ ಹೋಗುತ್ತದೆ.

ಸಂಬಳದ ವಿಷಯದಲ್ಲೂ ಹಾಗೆಯೇ. ಮುಂದಿನ ಯಾವ ಚಿತ್ರಕ್ಕೇ ಹೋಗಿ, ಸಂಬಳ ಎಷ್ಟು, ಯಾವ ಹಂತದಲ್ಲಿ ಎಷ್ಟು ಕೊಡುತ್ತಾರೆ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹೇಗೆ ಬರುತ್ತದೆ, ಇಷ್ಟನ್ನು ಬರಹದಲ್ಲಿ ಪಡೆಯಿರಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಇರಲಿ. ಬಾಕಿ ಇರುವ ಹಣಕ್ಕೆ ನಿರ್ದೇಶಕರ ಸಂಘದಲ್ಲಿ ಲಿಖಿತ ದೂರು ಕೊಡಿ. ‘ಕೇಳಿದರೆ ಮುಂದೆ ಕೆಲಸ ಸಿಗಲ್ಲ’ ಎಂಬ ಅಂಜಿಕೆ ನಿಮ್ಮನ್ನು ಈವರೆಗೆ ತಡೆದಿರಬಹುದು. ಕೈಯಲ್ಲಿ ಬೇರೆ ಸಂಬಳವಿದ್ದಾಗ ಆ ಅಂಜಿಕೆ ಅರ್ಧ ಇಳಿಯುತ್ತದೆ.

ನಿರ್ದೇಶಕನಾದ ಆ ಹುಡುಗನ ಬಗ್ಗೆ ಹೊಟ್ಟೆ ಉರಿಯುವುದು ಸಹಜ, ಅದಕ್ಕೆ ನಾಚಬೇಡಿ. ಫೋನ್ ಮಾಡಿ ಅಭಿನಂದಿಸಿ, ಮೊದಲ ನಿರ್ಮಾಪಕ ಹೇಗೆ ಸಿಕ್ಕರು ಎಂದು ಕೇಳಿ. ಹೇಳುತ್ತಾನೆ.

ಅಪ್ಪನಿಗೆ ಇದುವರೆಗೆ ನೀವು ಕೊಟ್ಟಿರುವುದು ‘ಆಗುತ್ತೆ, ನೋಡ್ತಾ ಇರಿ’ ಎಂಬ ಮಾತು. ಮಳೆ, ಬೆಳೆ, ಸಾಲ ಎಲ್ಲಕ್ಕೂ ಗಡುವು ಕಂಡ ರೈತರಿಗೆ ಗಡುವಿಲ್ಲದ ಮಾತು ಹಿಡಿಸುವುದಿಲ್ಲ. ಫೋನಿನಲ್ಲಿ ಬೇಡ, ಊರಿಗೆ ಹೋಗಿ ಎದುರು ಕೂತು ಹೇಳಿ: ‘ಅಪ್ಪಾ, ಕೆಲಸಕ್ಕೆ ಸೇರಿದೀನಿ, ಸಂಬಳ ಇಷ್ಟು. ಆಷಾಢದಲ್ಲಿ ನಮ್ಮನೇಲೇ ಒಂದು ಚಿಕ್ಕ ಸಿನಿಮಾ ತೆಗೀತೀನಿ. ಎರಡು ವರ್ಷ ನೋಡ್ತೀನಿ, ಆಮೇಲೆ ನಾನೇ ನಿಮ್ಮ ಹತ್ರ ಬಂದು ಮಾತಾಡ್ತೀನಿ.’ ಬೋರ್ ಕೊರೆಸಿದ ಅನುಭವವನ್ನೂ ಅವರಿಂದಲೇ ಕೇಳಿ ಬರೆದುಕೊಳ್ಳಿ.

ನಿದ್ದೆಯ ವಿಷಯ ಮುಂದೂಡಬೇಡಿ. ಇನ್ನೂ ಕೆಲವು ವಾರ ಹೀಗೇ ಆದರೆ, ಇಲ್ಲವೇ ಬದುಕೇ ಸಾಕು ಎಂಬ ಯೋಚನೆ ಒಂದು ಸಲ ಬಂದರೂ ಕೂಡಲೇ, ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಕಿರುಚಿತ್ರ ಮುಗಿದ ಮೇಲೆ ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ: ಈ ಕೆಲಸದಲ್ಲಿ ಯಾವ ಹೊತ್ತಿನಲ್ಲಿ ಹಸಿವು ಮರೆತಿದ್ದೆ? ನಟರೊಂದಿಗೆ ಇದ್ದಾಗ ಎಂದಾದರೆ ಆ ಚಿತ್ರವನ್ನು ಹಿಡಿದು ನಿರ್ಮಾಪಕರ ಬಳಿ ಹೋಗಿ, ಉತ್ಸವಗಳಿಗೆ ಕಳಿಸಿ. ಬೆಂಗಳೂರಿನಲ್ಲೇ ಕಿರುಚಿತ್ರಗಳಿಗೆಂದು ಅಂತರರಾಷ್ಟ್ರೀಯ ಉತ್ಸವ ನಡೆಯುತ್ತದೆ. ಎಡಿಟಿಂಗ್ ಮೇಜಿನ ಮುಂದೆ, ಸದ್ದು ಜೋಡಿಸುವಾಗ ಎಂದಾದರೆ ಅದನ್ನೂ ಸಂತೋಷದಿಂದ ಒಪ್ಪಿಕೊಳ್ಳಿ. ಮೂರ್ತಿಯವರು ಹೆಸರಾದದ್ದು ಕ್ಯಾಮೆರಾದ ಹಿಂದೆ ನಿಂತೇ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರನ್ನು ಅಲ್ಲಿಯೇ ಹುಡುಕಿಕೊಂಡು ಬಂತು. ಯಾವ ಹೊತ್ತೂ ಹಾಗೆ ಅನ್ನಿಸಲಿಲ್ಲ ಎಂದಾದರೆ ಊರಿಗೆ ಹೋಗಿ. ಮಾಡಿ ನೋಡಿ ಬಿಟ್ಟವನಿಗೆ ಕೊರಗಿರುವುದಿಲ್ಲ. ಮಾಡದೆ ಬಿಡುವ ಹಕ್ಕು ಮಾತ್ರ, ಏಳು ವರ್ಷ ಕಲಿತ ಮೇಲೆ, ನಿಮಗಿಲ್ಲ.