ಡ್ಯಾಮ್ ಎಷ್ಟು ಅಡಿ ಆತು?

ಪ್ರಶ್ನೆ: ನನ್ನ ತಮ್ಮ ಸೌದಿಯ ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದಾನೆ. ಊರಲ್ಲಿದ್ದಾಗ ಮಂಡಕ್ಕಿ ಕಂಡರೆ ಮೂಗು ಮುರಿಯುತ್ತಿದ್ದವನು ಈಗ ಯಾರಾದರೂ ಆ ಕಡೆ ಹೊರಟರೆ ಸಾಕು, ‘ಅಕ್ಕಾ, ಮಂಡಕ್ಕಿ ಕಳಿಸು’ ಅನ್ನುತ್ತಾನೆ. ಫೋನ್ ಮಾಡಿದರೆ ‘ಡ್ಯಾಮ್ ಎಷ್ಟು ಅಡಿ ಆತು?’ ಎಂದು ಕೇಳುತ್ತಾನೆ. ನಮಗೆ ಒಂದು ಗುಂಟೆ ಗದ್ದೆಯೂ ಇಲ್ಲ. ದುಡ್ಡು ಕೊಟ್ಟರೆ ಅಲ್ಲಿ ಸಿಗದ್ದೇನಿದೆ? ಹೊರದೇಶಕ್ಕೆ ಹೋದವರು ಇಂಥ ಸಣ್ಣಪುಟ್ಟದ್ದಕ್ಕೇ ಯಾಕೆ ಹಂಬಲಿಸುತ್ತಾರೆ? ಕಳಿಸುವುದಾದರೆ ಏನು ಕಳಿಸಬೇಕು?
— ಓದುಗರೊಬ್ಬರು, ಮಲೆಬೆನ್ನೂರು

ಉತ್ತರ: ಡ್ಯಾಮಿನಿಂದಲೇ ಶುರುಮಾಡುತ್ತೇನೆ. ಗದ್ದೆ ಇಲ್ಲದವನಿಗೆ ಡ್ಯಾಮಿನ ಗೊಡವೆ ಯಾಕೆ ಎಂದು ನಿಮಗೆ ಅನ್ನಿಸಿದ್ದು ಸಹಜ. ಆದರೆ ನಿಮ್ಮ ಊರಲ್ಲಿ ಗದ್ದೆ ಇದ್ದವರ ಮನೆಯಲ್ಲಿ ಮಾತ್ರ ಆ ಮಾತು ನಡೆಯುತ್ತದೆಯೇ? ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬುವುದು 186 ಅಡಿಗೆ ಎಂಬುದು ಮಲೆಬೆನ್ನೂರಿನ ಕಡೆ ಮಗ್ಗಿಯಷ್ಟೇ ಸಲೀಸು. ಬಲದಂಡೆಯಿಂದ ಕವಲೊಡೆದು ಬರುವ ಮಲೆಬೆನ್ನೂರು ಶಾಖಾ ನಾಲೆಗೆ ನೀರು ಬಿಟ್ಟರೆ ನಾಟಿ. ನಾಟಿಯಾದರೆ ಹೆಣ್ಣಾಳುಗಳಿಗೆ ಕೂಲಿ, ಟ್ರ್ಯಾಕ್ಟರಿಗೆ ಬಾಡಿಗೆ. ಕೊಯ್ಲಾದರೆ ರೈಸ್‌ಮಿಲ್ಲಿಗೆ ಭತ್ತ, ಹಮಾಲರಿಗೆ ಮೂಟೆ. ಕಿರಾಣಿ ಅಂಗಡಿಯ ಉದ್ರಿ ತೀರುವುದು, ಜವಳಿ ಅಂಗಡಿಗೆ ಜನ ನುಗ್ಗುವುದು, ನಿಂತ ಮದುವೆ ಮಾತುಕತೆ ಮುಂದುವರಿಯುವುದು ಎಲ್ಲ ಆಮೇಲಿನ ಕೆಲಸ. ಬೇಸಿಗೆ ಬೆಳೆಗೆ ನೀರು ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಕೊನೆಭಾಗಕ್ಕೆ ಮುಟ್ಟುತ್ತದೋ ಇಲ್ಲವೋ ಎಂಬ ಚರ್ಚೆಗೆ ಚಹಾದಂಗಡಿಯ ಬೆಂಚಿನ ಮೇಲೆ ಎಂದೂ ಬರಗಾಲವಿಲ್ಲ. ಜಲಾಶಯದ ಮಟ್ಟ ಮೊಬೈಲಿನಲ್ಲೇ ಸಿಗುತ್ತದೆ, ಅದು ನಿಮ್ಮ ತಮ್ಮನಿಗೂ ಗೊತ್ತು. ಆದರೂ ನಿಮ್ಮನ್ನೇ ಕೇಳುತ್ತಾನೆಂದರೆ, ಆ ಬೆಂಚಿನ ಮೇಲೆ ತನಗೆ ಇನ್ನೂ ಜಾಗ ಇದೆಯೋ ಎಂದು ನೋಡಿಕೊಳ್ಳುತ್ತಿದ್ದಾನೆ.

ಇನ್ನು ದುಡ್ಡಿನ ಮಾತು. ಪದಾರ್ಥವೇನೋ ಸಿಗುತ್ತದೆ. ಕೊಲ್ಲಿಯ ಯಾವ ದೊಡ್ಡ ಊರಿಗೆ ಹೋದರೂ ಭಾರತೀಯರ ಅಂಗಡಿ ಇದೆ, ತೊಗರಿಬೇಳೆಯಿಂದ ಹುಣಸೆಹಣ್ಣಿನವರೆಗೆ ಇದೆ, ಚುರುಮುರಿಯ ಪೊಟ್ಟಣವೂ ಇದ್ದೀತು. ನನ್ನ ತಿಳಿವಳಿಕೆಯಲ್ಲಿ ಅವರಿಗೆ ಅಲ್ಲಿ ಸಿಗದಿರುವುದು ಹೊತ್ತು. ಇಂಥ ಹೊತ್ತಿಗೆ ಇಂಥದ್ದು, ಇಂಥವರ ಜತೆ ಎಂಬ ಏರ್ಪಾಡು ಊರಲ್ಲಿ ತಾನಾಗಿ ನಡೆಯುತ್ತಿರುತ್ತದೆ. ಅದನ್ನು ಯಾರೂ ಕೂತು ಹೊಂದಿಸಿರುವುದಿಲ್ಲ, ಹಾಗಾಗಿ ಅದು ಇದೆ ಎಂದೇ ಗೊತ್ತಾಗುವುದಿಲ್ಲ.

ಮಂಡಕ್ಕಿಯನ್ನೇ ನೋಡಿ. ದಾವಣಗೆರೆಯ ಭಟ್ಟಿಗಳಲ್ಲಿ ಭತ್ತವನ್ನು ನೆನೆಸಿ, ಹುರಿದು, ಅಕ್ಕಿ ಮಾಡಿ, ಅದಕ್ಕೆ ಉಪ್ಪು ಹಿಡಿಸಿ, ಕಾದ ಮರಳಿಗೆ ಸುರಿಯುತ್ತಾರೆ. ಕಣ್ಣು ಮಿಟುಕಿಸುವುದರಲ್ಲಿ ಅರಳಿ ಮೇಲೆ ಬರುತ್ತದೆ. ಅದರಲ್ಲಿ ಸ್ವಂತ ರುಚಿ ಅನ್ನುವುದು ಬಹಳ ಇಲ್ಲ. ಗಾಳಿ, ಉಪ್ಪು, ಕರುಕುರು ಸದ್ದು, ಅಷ್ಟೇ. ಬೆಳಿಗ್ಗೆ ನೀರಲ್ಲಿ ಅದ್ದಿ ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿದರೆ ನಾಷ್ಟಾ. ಸಂಜೆ ಈರುಳ್ಳಿ, ಕೊತ್ತಂಬರಿ, ಖಾರ ಬಿದ್ದು ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಕೂತರೆ ಅದು ಬೇರೆಯೇ ವಸ್ತು. (ಬೇರೆ ಜಿಲ್ಲೆಯ ಓದುಗರಿಗೆ: ಇಲ್ಲಿ ಮೆಣಸಿನಕಾಯಿ ಕೊಡಿ ಎಂದರೆ ಬಜ್ಜಿಯನ್ನೇ ಕೊಡುತ್ತಾರೆ, ಹಸಿ ಕಾಯಿ ಕೊಡುವುದಿಲ್ಲ.) ಆ ಬಜ್ಜಿಯ ಆಯುಷ್ಯ ಹತ್ತು ನಿಮಿಷ. ಅದಕ್ಕಾಗಿ ಗಾಡಿಯ ಸುತ್ತ ನಿಲ್ಲಬೇಕು. ನಿಂತಮೇಲೆ ಪಕ್ಕದವನ ಮಾತು ಕಿವಿಗೆ ಬೀಳುತ್ತದೆ, ನಾವೂ ಒಂದು ಮಾತು ಸೇರಿಸುತ್ತೇವೆ. ನಿಮ್ಮ ತಮ್ಮ ಊರಲ್ಲಿದ್ದಾಗ ಮಂಡಕ್ಕಿಗೆ ಮೂಗು ಮುರಿದಿರಬಹುದು. ಆದರೆ ಸಂಜೆ ಗಾಡಿಯ ಹತ್ತಿರ ನಿಲ್ಲುವುದಕ್ಕೆ ಮೂಗು ಮುರಿದಿದ್ದನೇ? ವಿಚಾರಿಸಿ ನೋಡಿ.

ಈಗ ಗಡಿಯಾರ ನೋಡಿ. ಸೌದಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಮಲೆಬೆನ್ನೂರಿನಲ್ಲಿ ಸಂಜೆ ಐದಾಗಿ ಬಾಣಲೆಗೆ ಎಣ್ಣೆ ಬಿದ್ದಾಗ ದಮ್ಮಾಮ್‌ನಲ್ಲಿ ಮಧ್ಯಾಹ್ನ ಎರಡೂವರೆ. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನಿದೆ. ನಿಮ್ಮ ತಮ್ಮ ಬಯಲಲ್ಲಿ ದುಡಿಯುವವನಾದರೆ ಆ ತಿಂಗಳುಗಳಲ್ಲಿ ಸರಿಯಾಗಿ ಆ ಹೊತ್ತಿಗೆ ನೆರಳಲ್ಲಿ ಮಲಗಿ ಮೊಬೈಲ್ ನೋಡುತ್ತಿರುತ್ತಾನೆ. ಗೆಳೆಯರು ಬಜ್ಜಿಯ ಫೋಟೋ ಹಾಕುವುದೂ ಆಗಲೇ. ಅವನಿಗೆ ಸಂಜೆಯಾಗಿ, ಸ್ನಾನ ಮಾಡಿ, ಮಾತಾಡಲು ಮನಸ್ಸಾದಾಗ ಇಲ್ಲಿ ರಾತ್ರಿ ಎಂಟೂವರೆ ದಾಟಿರುತ್ತದೆ, ಗಾಡಿಯವನು ಒಲೆ ಆರಿಸಿ ಹೊರಟಿರುತ್ತಾನೆ.

ಹಬ್ಬಗಳ ವಿಷಯದಲ್ಲಿ ಇದು ಇನ್ನೂ ಚುಚ್ಚುತ್ತದೆ. ಸೌದಿಯಲ್ಲಿ ಈದ್ ಸಾಮಾನ್ಯವಾಗಿ ನಮ್ಮಲ್ಲಿಗಿಂತ ಒಂದು ದಿನ ಮೊದಲೇ ಬರುತ್ತದೆ. ಮಲೆಬೆನ್ನೂರಿನಿಂದ ಹೋದ ಹುಡುಗ ಅಲ್ಲಿ ನಮಾಜು ಮುಗಿಸಿ ರೂಮಿಗೆ ಬಂದು ಮನೆಗೆ ಫೋನ್ ಮಾಡಿದರೆ ಇಲ್ಲಿನ್ನೂ ಉಪವಾಸ. ಮರುದಿನ ಇಲ್ಲಿ ಸುರ್‌ಕುಂಬಾ ಕುದಿಯುವಾಗ ಅವನ ಹಬ್ಬ ಹಳೆಯದಾಗಿರುತ್ತದೆ. ಅಮೆರಿಕದವರದು ಇನ್ನೊಂದು ಬಗೆ. ಅಲ್ಲಿ ಯುಗಾದಿಗೆ ರಜೆ ಇಲ್ಲ, ಕನ್ನಡ ಕೂಟಗಳು ಹಬ್ಬವನ್ನು ಅನುಕೂಲವಾದ ಶನಿವಾರಕ್ಕೆ ದೂಡುತ್ತವೆ. ಸಭಾಂಗಣದಲ್ಲಿ ಒಬ್ಬಟ್ಟಿನ ಊಟ, ಮಕ್ಕಳ ನೃತ್ಯ, ಪುಟ್ಟದೊಂದು ನಾಟಕ. ಅವರ ಶ್ರಮದ ಬಗ್ಗೆ ನನಗೆ ಹಗುರ ಭಾವನೆ ಇಲ್ಲ. ಅಷ್ಟು ದೂರದಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಸುವುದು ಸುಲಭವಲ್ಲ. ಆದರೆ ಯುಗಾದಿಯ ಮರುದಿನ ಓಣಿಯ ಮಂದಿಯೆಲ್ಲ ಹೊರಗೆ ಬಂದು, ಕುತ್ತಿಗೆ ಎತ್ತಿ ಚಂದ್ರನನ್ನು ಹುಡುಕಿ, ಕಂಡಕೂಡಲೇ ಹಿರಿಯರ ಕಾಲಿಗೆ ಬೀಳುವುದಿದೆಯಲ್ಲ, ಅದನ್ನು ಶನಿವಾರಕ್ಕೆ ದೂಡಲು ಬರುವುದಿಲ್ಲ. ಚಂದ್ರ ಒಪ್ಪಬೇಕು.

ಇದಕ್ಕಾಗಿಯೇ ಕೆಲವರು ರಜೆಯನ್ನು ಜಾತ್ರೆಗೆ ಹೊಂದಿಸುತ್ತಾರೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕೊಲ್ಲಿಯ ಎಷ್ಟೋ ಕೆಲಸಗಳ ಕರಾರೂ ಎರಡು ವರ್ಷದ್ದು. ಎರಡೂ ಕೂಡಿಬಂದರೆ ಪುಣ್ಯ. ಒಂದು ಸಲ ತಪ್ಪಿದರೆ ನಾಲ್ಕು ವರ್ಷದ ಅಂತರ, ಅಷ್ಟರಲ್ಲಿ ಮನೆಯಲ್ಲಿ ಒಬ್ಬರು ಹುಟ್ಟಿ ಒಬ್ಬರು ಹೋಗಿರುತ್ತಾರೆ.

ಪದಾರ್ಥದ ಹಂಬಲವೇ ಸುಳ್ಳು ಎಂದೇನೂ ನಾನು ಹೇಳುತ್ತಿಲ್ಲ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಏನಾಯಿತೆಂದು ನೆನಪಿದೆಯೇ? ಸೋನಾ ಮಸೂರಿಯ ಚೀಲಕ್ಕೆ ಜನ ಮುಗಿಬಿದ್ದರು. ಬಾಗಿಲು ತೆಗೆಯುವ ಮುಂಚೆ ಸರದಿ, ಮನೆಗೆ ಇಷ್ಟೇ ಚೀಲ ಎಂಬ ಚೀಟಿ, ಏರಿದ ದರ. ಸಾಫ್ಟ್‌ವೇರ್ ಇಂಜಿನಿಯರುಗಳು ಕಾರಿನ ಡಿಕ್ಕಿಗೆ ಅಕ್ಕಿ ತುಂಬುವ ವಿಡಿಯೋಗಳನ್ನು ನೋಡಿ ಇಲ್ಲಿ ನಾವು ನಕ್ಕೆವು. ಅಲ್ಲಿ ಬಾಸ್ಮತಿ ಇತ್ತು, ಥಾಯ್ಲೆಂಡಿನ ಅಕ್ಕಿ ಇತ್ತು, ಯಾರೂ ಹಸಿದಿರಲಿಲ್ಲ. ಆದರೆ ದಿನವಿಡೀ ಪರಭಾಷೆಯಲ್ಲಿ ದುಡಿದು ಬಂದವರಿಗೆ ರಾತ್ರಿ ಮೊಸರನ್ನದ ಹೊತ್ತೊಂದು ತಪ್ಪದೆ ಉಳಿದುಕೊಂಡಿತ್ತು, ಬಾಸ್ಮತಿಯಲ್ಲಿ ಮೊಸರನ್ನ ಕಲಸಿ ನೋಡಿದವರಿಗೆ ಅವರ ಕಷ್ಟ ಗೊತ್ತು. ಆ ನಿಷೇಧ ತೆರವಾಗಿದ್ದು 2024ರ ಸೆಪ್ಟೆಂಬರ್ ಕೊನೆಗೆ. ಭತ್ತದ ಸೀಮೆಯವರಾದ ನಿಮಗೆ ಆಗ ಕಂಡಿದ್ದು ಭತ್ತದ ದರ, ಅವರಿಗೆ ಕಂಡಿದ್ದು ರಾತ್ರಿಯ ತಟ್ಟೆ.

ಊರಿನ ಹಂಬಲ ಮೈಗೂ ತಟ್ಟುತ್ತದೆ ಎಂದು ವೈದ್ಯರು ಬರೆದಿಟ್ಟು ಮುನ್ನೂರು ವರ್ಷಕ್ಕೂ ಮೇಲಾಯಿತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಇದನ್ನೊಂದು ಕಾಯಿಲೆ ಎಂದೇ ಪ್ರಬಂಧ ಬರೆದ. ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗನೊಬ್ಬ ಜ್ವರದಿಂದ ಸಾಯುವ ಸ್ಥಿತಿಗೆ ಬಂದಿದ್ದನಂತೆ. ಊರಿಗೆ ಕಳಿಸುತ್ತೇವೆ ಎಂದು ಹೊರಡಿಸಿದ್ದೇ ತಡ, ಚೇತರಿಸಿಕೊಳ್ಳತೊಡಗಿದ. ಎರಡೂ ಒಂದೇ ಸೀಮೆಯ ಊರುಗಳು, ನಡುವಿನ ದೂರ ಮಲೆಬೆನ್ನೂರಿನಿಂದ ಚಿತ್ರದುರ್ಗಕ್ಕೆ ಹೋದಷ್ಟು. ಹಂಬಲಕ್ಕೆ ವಿಮಾನ ಹತ್ತಲೇಬೇಕೆಂದಿಲ್ಲ. ವಾಸನೆಯ ಮಾತನ್ನೂ ಸೇರಿಸಬೇಕು: ಕಣ್ಣು ಕಿವಿಗಳ ಸುದ್ದಿ ಮಿದುಳಿನಲ್ಲಿ ಒಂದು ಕಟ್ಟೆ ದಾಟಿ ಮುಂದೆ ಹೋದರೆ, ಮೂಗಿನ ಸುದ್ದಿ ನೆನಪು ಮತ್ತು ಭಾವನೆಯ ಭಾಗಗಳಿಗೆ ಹೆಚ್ಚುಕಡಿಮೆ ನೇರವಾಗಿ ಮುಟ್ಟುತ್ತದೆ. ಬೆಂಗಳೂರಿನಲ್ಲಿ ದಾವಣಗೆರೆ ಬೆಣ್ಣೆ ದೋಸೆಯ ಬೋರ್ಡುಗಳಿಗೆ ಬರವಿಲ್ಲ. ಅಲ್ಲಿ ತಿಂದ ದಾವಣಗೆರೆಯವರು ‘ಪರವಾಗಿಲ್ಲ’ ಎನ್ನುವಾಗ ಕೊರತೆ ದೋಸೆಯದೇ ಆಗಿರಬೇಕಿಲ್ಲ. ಕಟ್ಟಿಗೆ ಒಲೆಯ ಹೊಗೆಯಲ್ಲಿ ಬೆಣ್ಣೆ ಕರಗುವ ವಾಸನೆ ಗ್ಯಾಸ್ ಒಲೆಗೆ ಬಂದ ಮೇಲೆ ಬೇರೆಯಾಗಿರುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ಉತ್ತರ ಏಕಪಕ್ಷೀಯವಾದೀತು. ಹೊರಗಿದ್ದವರು ಹಂಬಲಿಸುವ ಊರಲ್ಲಿ ಧೂಳಿಲ್ಲ, ಸೊಳ್ಳೆಯಿಲ್ಲ, ಕರೆಂಟು ಹೋಗುವುದಿಲ್ಲ, ‘ಮದುವೆ ಯಾವಾಗ, ಸಂಬಳ ಎಷ್ಟು’ ಎಂದು ಜೀವ ತಿನ್ನುವವರೂ ಇಲ್ಲ. ಮಂಡಕ್ಕಿ ನೆನಪಾಗುತ್ತದೆ, ಭಟ್ಟಿಯ ಹೊಗೆಯಲ್ಲಿ ಬೇಯುವವರು ನೆನಪಾಗುವುದಿಲ್ಲ. ಇದಕ್ಕೆ ನಾನು ಅವರನ್ನು ದೂರುವುದಿಲ್ಲ. ತಿಂಗಳು ತಿಂಗಳು ಹಣ ಕಳಿಸುವವರಿಗೆ ಅಷ್ಟು ಸವಲತ್ತು ಇರಲಿ. ಮತ್ತೆ ಕೆಲವು ಹೊತ್ತುಗಳು ಇಲ್ಲೇ ಉಳಿದವರಿಗೂ ಈಗ ಸಿಗುವುದಿಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರ ಮಾಡಿ ಹೆಸರಾಗಿತ್ತು. ಅದು ನಡೆಯುತ್ತಿದ್ದಷ್ಟು ಕಾಲ ಪಾಳಿ ಬದಲಾಗುವ ಹೊತ್ತೇ ಊರಿನ ಹೊತ್ತು. ಹೋಟೆಲಿನ ಚಹಾ, ಹೂವಿನವಳ ಬುಟ್ಟಿ, ಮನೆಯ ಅಡುಗೆ ಅದಕ್ಕೆ ಕಾಯುತ್ತಿದ್ದವು. ಕಾರ್ಖಾನೆ ಮುಚ್ಚಿತು. ದಾವಣಗೆರೆಯ ಹತ್ತಿ ಗಿರಣಿಗಳದೂ ಅದೇ ಕಥೆ. ದೂರದ ದೇಶದಲ್ಲಿ ಕೂತು ಹರಿಹರದ ಆ ಸಂಜೆಯನ್ನು ನೆನೆಯುವವರೂ, ಹರಿಹರದಲ್ಲೇ ಕೂತು ನೆನೆಯುವವರೂ ಇದರಲ್ಲಿ ಸಮಾನರು.

ಕಳಿಸುವ ವಿಷಯ. ಮಂಡಕ್ಕಿ ಕಳಿಸಿ, ತೂಕವಿಲ್ಲ, ಜಾಗ ಮಾತ್ರ ತಿನ್ನುತ್ತದೆ, ಒಯ್ಯುವವರ ಮುಖ ನೋಡಿಕೊಂಡು ಕೊಡಿ. ದಮ್ಮಾಮ್ ಸಮುದ್ರದಂಡೆಯ ಊರು, ಗಾಳಿಯ ತೇವಕ್ಕೆ ಬೇಗ ಮೆತ್ತಗಾಗುತ್ತದೆ. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಗಾಳಿ ಹೋಗದಂತೆ ಕಟ್ಟಿ, ತಿನ್ನುವ ಮುಂಚೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದುಕೋ ಎಂದು ಹೇಳಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಟಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಗಸಗಸೆಯನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಸೌದಿಯಲ್ಲೂ ಯುಎಇಯಲ್ಲೂ ಅದು ಮಾದಕವಸ್ತುವಿನ ಲೆಕ್ಕಕ್ಕೆ ಬಂದು, ಒಯ್ದವರು ಜೈಲು ಸೇರಬೇಕಾಗುತ್ತದೆ. ಮನೆಯಲ್ಲಿ ಮಾಡಿದ ಮಸಾಲೆ ಪುಡಿಯಲ್ಲಿ ಅದು ಸೇರಿದೆಯೋ ಎಂದು ಮಾಡಿದವರನ್ನು ಕೇಳಿಯೇ ಕಟ್ಟಿ. ದುಬೈಗೆ ಹೋಗುವ ನೆಂಟರು ವೀಳ್ಯದೆಲೆ ಒಯ್ಯುವುದೂ ಬೇಡ, ಅಲ್ಲಿ ಅದಕ್ಕೆ ನಿಷೇಧವಿದೆ.

ಫೋನ್ ಮಾಡುವುದನ್ನು ಸಾಧ್ಯವಾದರೆ ರಾತ್ರಿಯಿಂದ ಶುಕ್ರವಾರ ಸಂಜೆಗೆ ಬದಲಾಯಿಸಿ. ಅವನಿಗೆ ಅಂದು ವಾರದ ರಜೆ ಇದ್ದರೆ, ನಮ್ಮ ಐದೂವರೆಗೆ ಅಲ್ಲಿ ಮೂರು ಗಂಟೆ, ನಮಾಜು ಊಟ ಮುಗಿದಿರುತ್ತದೆ. ಮನೆಯಲ್ಲಿ ಕೂತು ಮಾಡಬೇಡಿ. ಬಸ್‌ಸ್ಟ್ಯಾಂಡಿನ ಕಡೆ ಹೋದಾಗ ಮಾಡಿ, ಹರಿಹರದ ಬಸ್ಸಿನ ಕೂಗು ಅವನ ಕಿವಿಗೂ ಬೀಳಲಿ. ಡ್ಯಾಮಿನ ಮಟ್ಟ ಕೇಳಿದರೆ ಅಡಿ ಹೇಳಿ ಸುಮ್ಮನಾಗದೆ, ಅದರ ಬಗ್ಗೆ ಯಾರು ಯಾರ ಜತೆ ಜಗಳವಾಡಿದರು ಅನ್ನುವುದನ್ನೂ ಹೇಳಿ.