ಹಳೆಯ ಬೋಲ್ಟ್ ರೈಫಲನ್ನು ಕೊಳ್ಳುವ ಮುನ್ನ ಜಮೀನುದಾರರು ವಿಚಾರಿಸತಕ್ಕ ಅಂಶಗಳು

ಮಲೆನಾಡಿನಲ್ಲಿಯೂ ಕಾಡಂಚಿನ ಇತರ ಸೀಮೆಗಳಲ್ಲಿಯೂ ಕಾಡುಹಂದಿಗಳ ಹಾವಳಿಯಿಂದ ಭತ್ತ, ಜೋಳ, ಗೆಣಸು ಮೊದಲಾದ ಫಸಲುಗಳು ನಷ್ಟವಾಗುತ್ತಿರುವುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹೀಗಿರುವಲ್ಲಿ, ಹಿಂದಿನ ತಲೆಮಾರಿನವರು ಶಿಕಾರಿಗೆಂದು ಇಟ್ಟುಕೊಂಡಿದ್ದ ಬೋಲ್ಟ್ ರೈಫಲೊಂದು ಕಡಮೆ ಬೆಲೆಗೆ ದೊರೆಯುವುದೆಂದು ಕೇಳಿದ ಕೂಡಲೆ ಕೆಲವರು ಮುಂಗಡ ಕೊಟ್ಟುಬಿಡುವುದುಂಟು. ಕೊಂಡ ಎತ್ತು ಕುಂಟಾದರೆ ಹಣ ಮಾತ್ರ ನಷ್ಟ. ಕೊಂಡ ರೈಫಲು ಕೆಟ್ಟದ್ದಾದರೆ ಕಣ್ಣಿಗೂ ಕೈಗೂ ಅಪಾಯ. ಅದರ ಕಾಗದಪತ್ರಗಳು ಸರಿಯಿಲ್ಲದಿದ್ದರೆ ಸೆರೆವಾಸ. ಆದುದರಿಂದ ಮೊದಲು ಅಗತ್ಯ, ಅನಂತರ ಕಾಗದ, ಅನಂತರ ತೋಟಾ, ಕಡೆಯಲ್ಲಿ ಉಕ್ಕು, ಹೀಗೆ ಕ್ರಮವಾಗಿ ವಿಚಾರಿಸತಕ್ಕದ್ದು.

1. ಅಗತ್ಯ.— 1959ನೆಯ ಇಸವಿಯ ಆಯುಧ ಕಾಯಿದೆಯ 13ನೆಯ ಸೆಕ್ಷನ್ನಿನ ಮೇರೆಗೆ ಬೆಳೆಯ ರಕ್ಷಣೆಗೆಂದು ಪರವಾನಗಿ ಕೊಡುವುದು ಬಾಯಿಂದ ಮದ್ದು ತುಂಬುವ ಕೋವಿಗೆ. ಅದು ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೆ ಕೊಡಬಹುದು. ರೈಫಲು ಈ ವರ್ಗಕ್ಕೆ ಸೇರಿದುದಲ್ಲ. ಅದಕ್ಕೆ ತಕ್ಕ ಕಾರಣ ತೋರಿಸಿ ಬೇರೆಯೇ ಪರವಾನಗಿ ಪಡೆಯಬೇಕು. ಮೇಲಾಗಿ ರೈಫಲಿನ ಗುಂಡು ಗುರಿ ತಪ್ಪಿದರೆ ಒಂದು ಮೈಲಿಯನ್ನೂ ಮೀರಿ ಹೋಗಿ ಪ್ರಾಣ ತೆಗೆಯಬಲ್ಲುದು. ಮನೆಗಳೂ ದಾರಿಗಳೂ ಸಮೀಪದಲ್ಲಿರುವ ಗದ್ದೆಗಳಿಗೆ ಅದು ತಕ್ಕ ಆಯುಧವಲ್ಲ. ಕೋವಿಯ ಪರವಾನಗಿಯು ಬೇಟೆಯ ಅಪ್ಪಣೆಯಲ್ಲವೆಂಬುದನ್ನೂ ಮರೆಯಕೂಡದು. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಬೆಳೆ ತಿನ್ನುವ ಹಂದಿಯನ್ನು ಹೊಡೆಯುವುದಕ್ಕೂ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಆಜ್ಞೆ ಬೇಕು.

2. ಕಾಗದ.— ಕೊಳ್ಳುವವನ ಪರವಾನಗಿ ಮೊದಲು, ರೈಫಲು ಅನಂತರ. ಖಾಸಗಿಯಾಗಿ ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಸಮೀಪದ ಪೊಲೀಸ್ ಠಾಣೆಗಾಗಲಿ, ಕೊಳ್ಳುವವನ ಹೆಸರು ವಿಳಾಸಗಳನ್ನು ಕಾಣಿಸಿ ಬರೆದು ತಿಳಿಸಿ, 45 ದಿವಸ ಕಳೆದ ಮೇಲೆಯೇ ಆಯುಧವನ್ನು ಕೈಗೊಪ್ಪಿಸಬೇಕು. “ನಮ್ಮ ತಾತನವರದು, ಅಟ್ಟದ ಮೇಲಿದೆ” ಎಂಬ ಮಾತಿಗೆ ಮರುಳಾಗಬಾರದು. ತಾತನ ಪರವಾನಗಿ ತಾತನೊಡನೆಯೇ ಮುಗಿಯಿತು. ವಾರಸುದಾರನಿಗೆ ಸ್ವಂತ ಪರವಾನಗಿಯಿಲ್ಲದಿದ್ದರೆ ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಇಡಬೇಕೇ ಹೊರತು ಮನೆಯಿಂದ ಮಾರುವಂತಿಲ್ಲ. ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ, 2019ರ ತಿದ್ದುಪಡಿಯಂತೆ, 2ರಿಂದ 5 ವರ್ಷಗಳ ಸೆರೆವಾಸವೂ ಜುಲ್ಮಾನೆಯೂ ಉಂಟು. ನಂಬರು ಅಳಿಸಿದ ಅಥವಾ ತಿದ್ದಿದ ಆಯುಧವನ್ನು ಧರ್ಮಕ್ಕೆ ಕೊಟ್ಟರೂ ಮುಟ್ಟಕೂಡದು.

3. ತೋಟಾ.— ಸೈನ್ಯದ .303 ತೋಟಾ ಹಾರಿಸುವ ರೈಫಲು ನಿಷಿದ್ಧ ವರ್ಗದ್ದು. ಸಾಮಾನ್ಯ ಪರವಾನಗಿಯಲ್ಲಿ ಅದನ್ನು ಕೊಳ್ಳಲಾಗದು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ .315 ರೈಫಲು, ಇದು ಲೀ-ಎನ್‌ಫೀಲ್ಡ್ ಮಾದರಿಯದು. ಹಳೆಯ ವಿಲಾಯತಿ ರೈಫಲುಗಳು ನೋಟಕ್ಕೆ ಅಂದವಾಗಿದ್ದರೂ ಅವುಗಳ ತೋಟಾ ದುರ್ಲಭ. ತೋಟಾ ದೊರೆಯದ ರೈಫಲು ಬರಿಯ ದೊಣ್ಣೆಗೆ ಸಮಾನ. “ಎಂಟು ಮಿಲಿಮೀಟರಿನದು” ಎಂಬ ಬಾಯಿಮಾತನ್ನು ನಂಬದೆ ನಳಿಗೆಯ ಮೇಲಿನ ಮುದ್ರೆಯನ್ನೇ ಓದಬೇಕು. .315ರ ತೋಟಾ ಬೇರೆ, ಜರ್ಮನಿಯ ಮೌಸರ್ ರೈಫಲಿನ 8 ಮಿಲಿಮೀಟರ್ ತೋಟಾ ಬೇರೆ. ಒಂದರಲ್ಲಿ ಇನ್ನೊಂದನ್ನು ಹಾಕುವುದು ಅಪಾಯಕರ.

4. ಉಕ್ಕು.— ಮೊದಲು ರೈಫಲು ಬರಿದಾಗಿದೆಯೆಂಬುದನ್ನು ಕಣ್ಣಾರೆ ನೋಡಬೇಕು. ಬಾಗಿಲ ಅಗುಳಿಯಂತೆ ಹಿಂದುಮುಂದು ಸರಿಯುವ ಬೋಲ್ಟನ್ನು ಹೊರಕ್ಕೆ ತೆಗೆದು, ನಳಿಗೆಯ ತುದಿಯಲ್ಲಿ ಬಿಳಿಯ ಕಾಗದ ಹಿಡಿದು, ಹಿಂದಿನಿಂದ ಬೆಳಕಿಗೆ ನೋಡಬೇಕು. ಒಳಗಿನ ಸುರುಳಿ ಗೆರೆಗಳು ಸ್ಫುಟವಾಗಿ ಹೊಳೆಯುತ್ತಿರಬೇಕು. ಹಳೆಯ ತೋಟಾಗಳ ಕೇಪಿನಿಂದ ಉಳಿಯುವ ಒಂದು ಬಗೆಯ ಉಪ್ಪು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಬಿಸಿನೀರಿನಿಂದ ತೊಳೆಯದೆ ಬಿಟ್ಟ ನಳಿಗೆಗಳಲ್ಲಿ ಇದರಿಂದಲೇ ಕುಳಿಗಳು ಬೀಳುತ್ತವೆ. ಸಣ್ಣ ಕುಳಿಗಳೂ ಹಿಡಿಯ ಮರದ ಸಣ್ಣ ಬಿರುಕೂ ಬೆಲೆ ಇಳಿಸತಕ್ಕ ದೋಷಗಳು. ನಳಿಗೆಯೊಳಗೆ ಉಂಗುರದಂತೆ ಕಪ್ಪು ನೆರಳು ಕಂಡರೆ ಅಲ್ಲಿ ಉಕ್ಕು ಉಬ್ಬಿದೆಯೆಂದು ತಿಳಿದು ಬಿಟ್ಟುಬಿಡಬೇಕು.

ಬೋಲ್ಟಿನ ನಂಬರೂ ರೈಫಲಿನ ನಂಬರೂ ಒಂದೇ ಆಗಿರಬೇಕು. ಬೇರೆ ರೈಫಲಿನ ಬೋಲ್ಟು ಸೇರಿದ್ದರೆ ಬೋಲ್ಟಿನ ಮುಖಕ್ಕೂ ತೋಟಾದ ತಳಕ್ಕೂ ನಡುವಣ ಅಂತರ ಹೆಚ್ಚಾಗಿ, ಹಾರಿಸುವಾಗ ತೋಟಾ ಹರಿದು ಬಿಸಿಗಾಳಿ ಮುಖಕ್ಕೆ ನುಗ್ಗಬಹುದು. ಈ ಅಂತರ ಕಣ್ಣಿಗೆ ಕಾಣದು; ಪರವಾನಗಿಯುಳ್ಳ ಬಂದೂಕು ರಿಪೇರಿಗಾರನು ಅಳತೆಯ ಗೇಜಿನಿಂದಲೇ ಪರೀಕ್ಷಿಸಬೇಕು. ಅವನು ಒಪ್ಪುವ ಮುನ್ನ ಯಾರೂ ಹಾರಿಸಿ ನೋಡಕೂಡದು. ಬೋಲ್ಟನ್ನು ಎಳೆದು ಮುಚ್ಚಿ, ಸೇಫ್ಟಿ ಹಾಕಿ, ಟ್ರಿಗರ್ ಒತ್ತಿದಾಗ ಏನೂ ಕದಲಬಾರದು. ಸೇಫ್ಟಿ ತೆಗೆದಾಗ ತಾನಾಗಿ ಬೀಳಲೂ ಬಾರದು.

ಮೇಲಣ ನಾಲ್ಕರಲ್ಲಿ ಯಾವುದೊಂದರಲ್ಲಿ ರೈಫಲು ನಿಲ್ಲದಿದ್ದರೂ ಬೆಲೆ ಎಷ್ಟೇ ಅಗ್ಗವಾಗಿರಲಿ ಕೊಳ್ಳಕೂಡದು. ಬೆಳೆಯ ರಕ್ಷಣೆಯೊಂದೇ ಉದ್ದೇಶವಾಗಿರುವ ರೈತರು ಆ ಹಣವನ್ನು ಗಟ್ಟಿಯಾದ ಬೇಲಿಗೂ ಆಳುದ್ದದ ಕಂದಕಕ್ಕೂ ವಿನಿಯೋಗಿಸುವುದು ಮೇಲು. ಊರಿನ ಮುಖ್ಯಸ್ಥರು ಈ ಸಂಗತಿಗಳನ್ನು ಗ್ರಾಮಸ್ಥರಿಗೆ ಓದಿ ಹೇಳಿ, ಯಾರೂ ಅವಸರದಿಂದ ಮುಂಗಡ ಕೊಡದಂತೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.