ಗಡಿರೇಖೆ ಮತ್ತು ಕಾನೂನು: ಮಕ್ಕಳೆದುರು ತಿದ್ದಿಕೊಂಡ ಒಂದು ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ
ಪಾಠಾಂಶ: ಶಾಸಕಾಂಗಗಳ ಅಧಿಕಾರದ ಪ್ರಾದೇಶಿಕ ಮಿತಿ

ಮೊದಲ ಅವಧಿ

ಭೂಪಟ ತೂಗುಹಾಕಿ, ಸಂವಿಧಾನದ 245ನೇ ವಿಧಿಯ ತಿರುಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಸಂಸತ್ತು ಇಡೀ ದೇಶಕ್ಕೆ ಅಥವಾ ಅದರ ಒಂದು ಭಾಗಕ್ಕೆ ಕಾನೂನು ಮಾಡಬಹುದು. ರಾಜ್ಯ ಶಾಸಕಾಂಗ ತನ್ನ ರಾಜ್ಯಕ್ಕೆ ಅಥವಾ ಅದರ ಒಂದು ಭಾಗಕ್ಕೆ ಮಾಡಬಹುದು. "ಗಡಿ ಮುಗಿದಲ್ಲಿ ರಾಜ್ಯದ ಕಾನೂನೂ ಮುಗಿಯಿತು" ಎಂದು ಪಾಠ ಮುಗಿಸಿದೆ.

ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಬೇರೆ ರಾಜ್ಯದಲ್ಲಿ ಕೂತು, ಬಹುಮಾನದ ಆಸೆ ತೋರಿಸಿ ನಮ್ಮೂರಲ್ಲಿ ದುಡ್ಡು ತಗೊಂಡ್ರೆ, ನಮ್ಮ ರಾಜ್ಯದ ಕಾನೂನು ಏನೂ ಮಾಡೋಕಾಗಲ್ವಾ?"

"ಆಗುವುದಿಲ್ಲ" ಎಂದುಬಿಟ್ಟೆ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದರು: "ಉತ್ತರ ತಪ್ಪು. ಮಕ್ಕಳೆದುರೇ ತಿದ್ದಿ."

ಪೂರ್ವಸಿದ್ಧತೆ

ಆಕೆಯ ಪ್ರಶ್ನೆಗೆ 1957ರಲ್ಲೇ ಸುಪ್ರೀಂ ಕೋರ್ಟ್ ಉತ್ತರಿಸಿತ್ತು. ಬೆಂಗಳೂರಿನಿಂದ ಹೊರಡುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಪತ್ರಿಕೆಯ ಮೂಲಕ ಚಮರ್‌ಬಾಗ್‌ವಾಲಾ ಎಂಬುವರು ಪದಬಂಧ ಸ್ಪರ್ಧೆ ನಡೆಸುತ್ತಿದ್ದರು. ಬೆಂಗಳೂರು ಆಗ ಮೈಸೂರು ರಾಜ್ಯದಲ್ಲಿತ್ತು. ಆದರೂ ಬಾಂಬೆ ರಾಜ್ಯ ಅದರ ಮೇಲೆ ತೆರಿಗೆ ಹಾಕಿತು. ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸಂಬಂಧ ನಿಜವಾದದ್ದಾಗಿರಬೇಕು, ತೋರಿಕೆಯದಲ್ಲ. ಹೊರಿಸುವ ಹೊಣೆಯೂ ಆ ಸಂಬಂಧಕ್ಕೆ ತಕ್ಕದ್ದಾಗಿರಬೇಕು. ಇದೇ ಪ್ರಾದೇಶಿಕ ಸಂಬಂಧದ ತತ್ವ.

ಎರಡನೇ ಅವಧಿ

"ನಿನ್ನೆ ನಾನು ಹೇಳಿದ್ದು ತಪ್ಪು" ಎಂದೇ ಆರಂಭಿಸಿದೆ. ನಾಲ್ಕು ಮಿಂಚುಪಟ್ಟಿಗಳನ್ನು ಕೊಟ್ಟೆ: ಪತ್ರಿಕೆ ಅಚ್ಚಾದದ್ದು, ಪತ್ರಿಕೆ ಮಾರಾಟವಾದದ್ದು, ಪ್ರವೇಶಪತ್ರ ಸಂಗ್ರಹಿಸಿದ್ದು, ಶುಲ್ಕ ಕಟ್ಟಿದ್ದು. ಮಕ್ಕಳು ಮೊದಲನೆಯದನ್ನು 'ಬೆಂಗಳೂರು' ಕೆಳಗೆ ಇಟ್ಟರು. ಬಾಂಬೆಯಲ್ಲಿ ನಡೆದ ಉಳಿದ ಮೂರನ್ನು 'ಬಾಂಬೆ' ಕೆಳಗೆ ಸೇರಿಸಿದರು. ಆ ಹುಡುಗಿಯೇ ಹೇಳಿದಳು: "ನಡೆಸೋರು ಎಲ್ಲಿದ್ರೂ ಕೆಲಸ ನಡೆದದ್ದು ಅಲ್ಲೇ ಅಲ್ವಾ ಸರ್!"

"ಪತ್ರಿಕೆಯ ಕಟ್ಟು ರೈಲಿನಲ್ಲಿ ಬಾಂಬೆ ದಾಟಿ ಬೇರೆಡೆ ಹೋಗಿದ್ದರೆ?" ಎಂದೆ. ಆ ಸಂಬಂಧ ಸಾಲದು ಎಂದು ಮಕ್ಕಳೇ ತೀರ್ಮಾನಿಸಿದರು.

ಬಳಿಕ ಸಂಸತ್ತಿಗೆ ಬಂದೆವು. ದೇಶದ ಹೊರಗೆ ಪರಿಣಾಮ ಬೀರುತ್ತದೆ ಎಂಬ ಕಾರಣಕ್ಕೆ ಅದರ ಕಾನೂನು ಅಸಿಂಧುವಾಗದು ಎನ್ನುತ್ತದೆ 245(2). ಆದರೆ ಭಾರತಕ್ಕೆ ಸಂಬಂಧವೇ ಇಲ್ಲದ ವಿಷಯಕ್ಕೆ ಸಂಸತ್ತೂ ಕಾನೂನು ಮಾಡಲಾಗದೆಂದು 2011ರಲ್ಲಿ ಜಿ.ವಿ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಲಿತದ್ದು

ಭೂಪಟವೊಂದನ್ನೇ ಬಳಸಿದಾಗ ಗಡಿ ಗೋಡೆಯಂತೆ ಕಂಡಿತು. "ಎಲ್ಲಿದ್ದಾರೆ?" ಎಂಬುದರ ಜೊತೆಗೆ "ಏನು, ಎಲ್ಲಿ ನಡೆಯಿತು?" ಎಂದೂ ಕೇಳಿಸಬೇಕಿತ್ತು. ತಪ್ಪು ಒಪ್ಪಿಕೊಂಡರೆ ತರಗತಿ ಕೈತಪ್ಪುತ್ತದೆಂದು ಅಂಜಿದ್ದೆ. ಆದರೆ ಆ ದಿನ ಎಂದಿಗಿಂತ ಹೆಚ್ಚು ಕೈಗಳು ಮೇಲೆದ್ದವು.